ಕಲ್ಲಿನ ಮೇಲೊಂದು ಸಾಲು

ರಾಯಚೂರು
6 ಏಪ್ರಿಲ್ 2025

ಪ್ರಿಯ ಹೀರಾ,

ಇದು ಯಾರ ಪತ್ರವೆಂದು ಕೊನೆಯ ಸಹಿಯನ್ನು ಮೊದಲೇ ನೋಡಿರುತ್ತೀ. ಹೌದು, ನೀಲಗಲ್ಲದಿನ್ನಿಯ ಕುಲಕರ್ಣಿ ಶೇಷಗಿರಿರಾಯರ ಮಗಳು ಅಹಲ್ಯಾ. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗಾಡಿ ಹೋಗುವಷ್ಟು ಓಣಿಯಿತ್ತು. ನಲವತ್ತೆಂಟರಲ್ಲಿ ಊರು ಬಿಟ್ಟ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ನೀನು ಬದುಕಿದ್ದೀ ಎಂಬುದೇ ನನಗೆ ತಿಳಿದಿರಲಿಲ್ಲ.

ನನ್ನ ಮೊಮ್ಮಗಳು ವೇದಶ್ರೀ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾಳೆ. ಅವಳ ತರಗತಿಯ ಮಿನಾಜ್ ಎಂಬ ಹುಡುಗಿ ಮಾತಿನ ನಡುವೆ ತನ್ನ ಅಜ್ಜಿಯ ತವರು ನೀಲಗಲ್ಲದಿನ್ನಿ ಎಂದಳಂತೆ. ಆ ಹೆಸರು ಹೇಳುವವರು ಈಗ ಎಷ್ಟು ಮಂದಿ ಇದ್ದಾರೆ? ವಿಳಾಸ ಇಸಿದುಕೊಂಡೆ. ನಿನಗೆ ಕಿವಿ ಮಂದವಾಗಿದೆ, ಫೋನು ಆಗದು ಎಂದಳಂತೆ. ನನಗೂ ಈ ಮಾತನ್ನು ಫೋನಿನಲ್ಲಿ ಆಡುವ ಧೈರ್ಯವಿಲ್ಲ.

ವಿಷಯ ಇದು. ನನ್ನ ತಮ್ಮನ ಮಗ ಅಕ್ಷೋಭ್ಯ ದೇವದುರ್ಗದಲ್ಲಿ ವಕೀಲ. ಅವನೂ ಇನ್ನು ಕೆಲವರೂ ಸೇರಿ ಊರಿನಲ್ಲಿ ನನ್ನ ಅಪ್ಪನ ಹೆಸರಿನ ಸ್ಮಾರಕದ ಕಲ್ಲು ನಿಲ್ಲಿಸುತ್ತಿದ್ದಾರೆ. ನಿಜಾಮನ ಆಳ್ವಿಕೆ ಮುಗಿದ ದಿನವಾದ ಸೆಪ್ಟೆಂಬರ್ ಹದಿನೇಳಕ್ಕೆ ಉದ್ಘಾಟನೆ. ಕಲ್ಲಿನ ಮೇಲೆ ಬರೆಸಲಿರುವುದನ್ನು ನನಗೆ ಓದಿ ಹೇಳಿದ. ಅದರಲ್ಲೊಂದು ಸಾಲು: "ನೆರೆಮನೆಯ ಸತ್ತಾರ್ ಸಾಬನ ದ್ರೋಹದಿಂದ ರಜಾಕಾರರ ಕೈಗೆ ಸಿಕ್ಕು ವೀರಮರಣ ಹೊಂದಿದರು."

ಇದಕ್ಕೆ ನನ್ನ ಹೇಳಿಕೆ ಬೇಕಂತೆ. "ಕಣ್ಣಾರೆ ನೋಡಿದವರು ನೀವೊಬ್ಬರ ಉಳದೀರಿ ಅತ್ತಿ. ಒಂದು ಸಹಿ ಮಾಡ್ರಿ, ಸಾಕು" ಎಂದ. ನಾನು ನೋಡಿದ್ದು ನಿಜ. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಬಾಗಿಲ ಮುಂದೆ ನಿನ್ನ ಅಪ್ಪ ಕಂದೀಲು ಹಿಡಿದು ನಿಂತಿದ್ದ. ಅವನ ಹಿಂದೆ ನಿಜಾಮನ ಕಡೆಯ ಆ ರಜಾಕಾರರು ಬಂದರು. ಎಪ್ಪತ್ತು ವರ್ಷಕ್ಕೂ ಮೇಲೆ ಆ ಬೆಳಕನ್ನು ಕಣ್ಣಲ್ಲಿಟ್ಟುಕೊಂಡು ಬದುಕಿದ್ದೇನೆ.

ಆದರೂ ಸಹಿ ಮಾಡುವ ಮುಂಚೆ ನಿನಗೆ ಬರೆಯಬೇಕೆನ್ನಿಸಿತು. ತಿಳಿಸುವುದಕ್ಕೋ ಕೇಳುವುದಕ್ಕೋ, ನನಗೇ ಸರಿಯಾಗಿ ಗೊತ್ತಿಲ್ಲ. ಇಲ್ಲಿ ಈಗಲೇ ಬಿಸಿಲು ತಾಳಲಾಗುತ್ತಿಲ್ಲ. ಒಂದು ಪುಟ ಬರೆಯುವುದರೊಳಗೆ ಕೈ ಸೋಲುತ್ತದೆ.

ನಿನ್ನ
ಅಹಲ್ಯಾ


ಮಾನ್ವಿ
29 ಏಪ್ರಿಲ್ 2025

ಶ್ರೀಮತಿ ಅಹಲ್ಯಾಬಾಯಿಯವರಿಗೆ ಹೀರಾಬಿಯ ಸಲಾಮು.

ನಿಮ್ಮ ಪತ್ರ ತಲುಪಿ ಬಹಳ ದಿನಗಳಾದವು. ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಕನ್ನಡ ಬರೆಯಲು ಬರುತ್ತದೆ. ಇದನ್ನು ಯಾರ ಕೈಯಿಂದಲೂ ಬರೆಸುತ್ತಿಲ್ಲ. ಮನೆಯಲ್ಲಿ ಯಾರಿಗೂ ತೋರಿಸಿಯೂ ಇಲ್ಲ.

ನೀವು ಸಹಿ ಮಾಡುವುದಿದ್ದರೆ ಮಾಡಿ. ನನ್ನ ಅಪ್ಪಣೆ ಏಕೆ ಬೇಕು? ಆದರೆ ಆ ಕಲ್ಲಿನ ಫೋಟೋ ಅದೇ ಸಂಜೆಗೆ ಎಲ್ಲರ ಮೊಬೈಲಿಗೆ ಬರುತ್ತದೆ ಎಂಬುದು ನಿಮಗೂ ಗೊತ್ತಿರಬೇಕು. ನನ್ನ ಮಗ ಜಮೀರ್ ಇಲ್ಲಿ ಭತ್ತದ ವ್ಯಾಪಾರ ಮಾಡುತ್ತಾನೆ. ಎಲ್ಲ ಜಾತಿಯ ರೈತರೂ ಅವನ ಅಂಗಡಿಯಲ್ಲಿ ಕುಳಿತು ಚಹಾ ಕುಡಿದು ಹೋಗುತ್ತಾರೆ. ಅವನ ಮಗಳು ಮಿನಾಜ್ ದಿನಾ ಬಸ್ಸಿನಲ್ಲಿ ಯರಗೇರಾಕ್ಕೆ ಹೋಗಿ ಬರುವವಳು. ಸತ್ತಾರ್ ಸಾಬ್ ಯಾರೆಂದು ಅವರಿಬ್ಬರಿಗೂ ಸರಿಯಾಗಿ ತಿಳಿಯದು. ಇನ್ನು ಕಲ್ಲು ನೋಡಿದವರು ತಿಳಿಸುತ್ತಾರೆ.

ನಿಮ್ಮ ಕಥೆ ನಿಮ್ಮ ಅಪ್ಪ ತೀರಿಕೊಂಡ ದಿನಕ್ಕೆ ಮುಗಿಯುತ್ತದೆ. ನಮ್ಮದು ಆಮೇಲೆ ಶುರುವಾಗುತ್ತದೆ. ಪೊಲೀಸ್ ಆಕ್ಷನ್ ಆಗಿ, ನಿಜಾಮ ಸೋತು, ಎಲ್ಲರೂ ಬಾವುಟ ಕಟ್ಟಿದ ಮೇಲೆ ಒಂದು ಮಧ್ಯಾಹ್ನ ಮಂದಿ ಬಂದರು. ಹೊರಗಿನವರೂ ಇದ್ದರು, ಊರಿನವರೂ ಇದ್ದರು. ಅಪ್ಪ ಉಣ್ಣುತ್ತಿದ್ದ. ಕೈ ತೊಳೆಯಲೂ ಬಿಡಲಿಲ್ಲ. ಹೆಣ ಸಿಗಲಿಲ್ಲ. ಊರ ಹೊರಗಿನ ಒಂದು ಬಾವಿಯ ನೀರನ್ನು ಜನ ಸೇದುವುದು ಬಿಟ್ಟರು, ನಮಗೆ ತಿಳಿದದ್ದು ಅಷ್ಟೇ. ಆ ಬಾವಿಯ ಮೇಲೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಇಷ್ಟೇ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಹೀರಾಬಿ


ರಾಯಚೂರು
18 ಮೇ 2025

ಹೀರಾ,

ನೀನು ನನಗೆ 'ನೀವು' ಎಂದು ಬರೆದಿದ್ದೀ. ಆಗಲಿ. ನನಗೆ ಹಾಗೆ ಬರೆಯಲು ಆಗುವುದಿಲ್ಲ.

ನಿನ್ನ ಅಪ್ಪನಿಗೆ ಹೀಗಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಎಂದೂ ಹೇಳಲಿಲ್ಲ. ಅಪ್ಪನ ಹೆಣ ಹಳ್ಳದಲ್ಲಿ ಸಿಕ್ಕ ಮರುದಿನವೇ ಅವ್ವ ನನ್ನನ್ನೂ ಕೈಗೂಸಾಗಿದ್ದ ತಮ್ಮನನ್ನೂ ಕಟ್ಟಿಕೊಂಡು ಹೊಳೆ ದಾಟಿ ಆದವಾನಿಗೆ, ಸೋದರಮಾವನ ಮನೆಗೆ ಹೊರಟಳು. ಆ ಮೇಲೆ ಸತ್ತಾರ್ ಸಾಬನ ಮಾತು ಬಂದಾಗಲೆಲ್ಲ ಮಾವ ಹೇಳುತ್ತಿದ್ದುದು ಒಂದೇ: ಹೈದರಾಬಾದಿಗೆ ಓಡಿಹೋದ, ಅಲ್ಲಿಂದ ಪಾಕಿಸ್ತಾನಕ್ಕೆ ಹೋದ, ಅಲ್ಲಿ ಸುಖವಾಗಿದ್ದಾನೆ. ಅವನ ಆ ಸುಖವನ್ನು ನೆನೆದು ನಾನು ಎಷ್ಟು ವರ್ಷ ಹಲ್ಲು ಕಡಿದಿದ್ದೇನೆ ಎಂದು ಈಗ ಹೇಳಿ ಪ್ರಯೋಜನವಿಲ್ಲ. ಅವನು ಎಲ್ಲಿಗೂ ಹೋಗಿರಲಿಲ್ಲ.

ಆದರೆ ನಾನೂ ಒಂದು ಮಾತು ಹೇಳಬೇಕು. ನಿನ್ನ ಅಪ್ಪನಿಗೆ ಆದದ್ದರಿಂದ ನನ್ನ ಅಪ್ಪನಿಗೆ ಆದದ್ದು ಇಲ್ಲವಾಗುವುದಿಲ್ಲ. ಅವರ ಮುಖದ ಮೇಲೆ ಬಟ್ಟೆ ಹೊದಿಸಿಯೇ ತಂದಿದ್ದರು. ಅವ್ವ ಬಟ್ಟೆ ಸರಿಸಬೇಕೆಂದು ಹೋದಾಗ ನಾಲ್ಕು ಮಂದಿ ಹಿಡಿದುಕೊಂಡರು. ಅಪ್ಪ ಮಾಡಿದ್ದ ತಪ್ಪೇನು? ನಿಜಾಮನ ವಿರುದ್ಧ ಹೋರಾಡುತ್ತಿದ್ದ ಹೊಳೆಯಾಚೆಯ ಶಿಬಿರದವರಿಗೆ ಒಂದು ಬಂಡಿ ಜೋಳ ಕಳಿಸಿದ್ದು. ಅದು ಊರಿನವರಿಗಷ್ಟೇ ಗೊತ್ತಿದ್ದ ವಿಷಯ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದೆ. ಹೈದರಾಬಾದ್ ವಿಮೋಚನೆಯ ಪಾಠ ಬಂದಾಗ ಪುಸ್ತಕ ಮುಚ್ಚಿ ನಮ್ಮ ಮನೆಯದನ್ನೇ ಹೇಳುತ್ತಿದ್ದೆ. ಮಕ್ಕಳು ಅಳುತ್ತಿದ್ದರು. ಕಂದೀಲಿನ ಮಾತು ಬಂದಾಗ ತರಗತಿ ಗಪ್ಪಾಗುತ್ತಿತ್ತು. ನಾನು ಕಂಡದ್ದನ್ನು ನಾನು ಕಂಡಿಲ್ಲ ಎಂದು ಹೇಗೆ ಹೇಳಲಿ?

ಅಹಲ್ಯಾ


ಮಾನ್ವಿ
10 ಜುಲೈ 2025

ಅಹಲ್ಯಾ,

ಉತ್ತರ ಬರೆಯಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಮಿನಾಜ್ ನಿನ್ನ ಎರಡೂ ಪತ್ರಗಳನ್ನು ತೆಗೆದು ಓದಿಬಿಟ್ಟಿದ್ದಳು. ಒಂದು ದಿನ ನನ್ನ ಕಿವಿಯ ಹತ್ತಿರ ಬಾಯಿಯಿಟ್ಟು, ನಮ್ಮ ಮುತ್ತಜ್ಜ ಖರೇನ ತೋರಿಸಿಕೊಟ್ಟಿದ್ದನೇನು ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದೆ. ನನಗೆ ಗೊತ್ತಿದ್ದರಲ್ಲವೇ ಹೇಳುವುದು?

ನಮ್ಮ ಅಮ್ಮ ಗುಲ್ಶನ್ ಬೇಗಂ ಈ ಕಥೆಯನ್ನು ಒಬ್ಬೊಬ್ಬರ ಮುಂದೆ ಒಂದೊಂದು ಥರ ಹೇಳಿದವಳು. ವಿಚಾರಣೆಗೆ ಬಂದ ಪೊಲೀಸ್ ಜಮಾದಾರನ ಮುಂದೆ, ನನ್ನ ಗಂಡ ಆ ದಿನ ಊರಲ್ಲೇ ಇರಲಿಲ್ಲ, ಬಟ್ಟೆ ಮಾರಲು ದೇವದುರ್ಗದ ಸಂತೆಗೆ ಹೋಗಿದ್ದ ಎಂದಳು. ಇಲ್ಲಿ ಮಾನ್ವಿಯ ತವರಿಗೆ ಬಂದ ಮೇಲೆ, ರಜಾಕಾರರಿಗೆ ಅಡ್ಡ ನಿಂತು, ರಾಯರನ್ನು ಬಿಡಿ, ನನ್ನನ್ನು ಒಯ್ಯಿರಿ ಎಂದು ಬೇಡಿಕೊಂಡ ಎಂದು ಹೇಳುತ್ತಿದ್ದಳು. ನಾನು ಬೆಳೆದದ್ದು ಈ ಎರಡನೆಯ ಕಥೆಯ ಮೇಲೆ. ನಿನಗೆ ಕಂದೀಲು ಹೇಗೋ ನನಗೆ ಇದು ಹಾಗೆ.

ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ನಾನೇ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಯಾರೂ ಕೇಳದೆ, ಮೇಲೆ ನೋಡುತ್ತ ಒಂದು ಮಾತು ಅಂದಳು. "ಡರ್ ಗಯೇ ಥೇ ಉನೋ. ಬುಲಾಯೇ, ಗಯೇ." ಹೆದರಿದ್ದರು ಅವರು, ಕರೆದರು, ಹೋದರು. ಅಷ್ಟೇ. ಯಾರು ಕರೆದರು, ಎಲ್ಲಿಗೆ ಹೋದರು, ಹೋಗಿ ಏನು ಹೇಳಿದರು, ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಸಾಯುವವರು ನಿಜ ಹೇಳುತ್ತಾರೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಷ್ಟೋ ಜನ ಸಾಯುವುದನ್ನು ನೋಡಿದ್ದೇನೆ, ನನಗೆ ಹಾಗನ್ನಿಸಿಲ್ಲ. ಅವರಿಗೆ ಸಾಕಾಗಿರುತ್ತದೆ, ಅಷ್ಟೇ.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡ. ನಿಮ್ಮ ತಲೆಬಾಗಿಲು ಹನುಮಪ್ಪನ ಗುಡಿಯ ಕಡೆಗಿತ್ತು, ನಮ್ಮ ಓಣಿಯ ಕಡೆಗಲ್ಲ. ಆ ಹೊತ್ತಿಗೆ ನಿಮ್ಮ ಅವ್ವ ನಿನ್ನನ್ನು ಅಟ್ಟಕ್ಕೆ ಹತ್ತಿಸಿದ್ದಳೆಂದು ಊರೆಲ್ಲ ಹೇಳುತ್ತಿತ್ತು. ನೀನು ಎಲ್ಲಿ ನಿಂತು ನೋಡಿದೆ?

ಹೀರಾ


ರಾಯಚೂರು
24 ಆಗಸ್ಟ್ 2025

ಹೀರಾ,

ನಿನ್ನ ಪ್ರಶ್ನೆಗೆ ಸಿಟ್ಟು ಬಂದದ್ದು ನಿಜ. ಹಲವು ದಿನ ಇತ್ತು. ಆಮೇಲೆ ವೇದಶ್ರೀಯನ್ನು ಕರೆದುಕೊಂಡು ಊರಿಗೇ ಹೋದೆ. ದೇವದುರ್ಗದವರೆಗೆ ಬಸ್ಸು, ಅಲ್ಲಿಂದ ಆಟೋ. ನೀನು ಈಗ ಊರನ್ನು ಗುರುತು ಹಿಡಿಯಲಾರೆ. ಕಾಲುವೆ ಬಂದು ಎಲ್ಲ ಕಡೆ ಗದ್ದೆಯಾಗಿದೆ. ಜೋಳದ ಹೊಲ ಕಾಣುವುದೇ ಅಪರೂಪ.

ನಮ್ಮ ಮನೆಯಲ್ಲಿ ಈಗ ಗಡಿಗೆಪ್ಪ ಎನ್ನುವವರಿದ್ದಾರೆ. ಅರವತ್ತರ ಆಚೆಯ ಒಕ್ಕಲಿಗ, ಸಂಭಾವಿತ ಮನುಷ್ಯ. ಮುಂದಿನ ಭಾಗ ಕೆಡವಿ ಸಿಮೆಂಟಿನಲ್ಲಿ ಕಟ್ಟಿಸಿದ್ದಾರೆ. ಹಿಂದಿನದು, ಅಟ್ಟ ಸಮೇತ, ಹಾಗೇ ಇದೆ. ಹತ್ತಿ ತುಂಬುತ್ತಾರೆ. ನಾನು ಅಟ್ಟ ಹತ್ತಬೇಕು ಎಂದಾಗ ಅವರ ಮನೆಯವರೆಲ್ಲ ಹೆದರಿದರು. "ಬ್ಯಾಡ್ರಿ ಯವ್ವಾ, ನಿಚ್ಚಣಿಕಿ ಗಟ್ಟಿ ಇಲ್ಲ" ಎಂದರು ಗಡಿಗೆಪ್ಪ. ಕೊನೆಗೆ ಅವರು ಕೆಳಗಿನಿಂದ ಹಿಡಿದರು, ವೇದಶ್ರೀ ಮೇಲಿನಿಂದ ಎಳೆದುಕೊಂಡಳು. ಹತ್ತಿದೆ.

ಅಟ್ಟಕ್ಕೆ ಇರುವುದು ಒಂದೇ ಕಿಟಕಿ. ನನ್ನ ಎರಡು ಕೈ ಅಗಲದ್ದು. ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಏಳು ವರ್ಷದವಳ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದೆ. ಓಣಿ ಕಾಣುತ್ತದೆ. ನಿಮ್ಮ ಮನೆಯಿದ್ದ ಜಾಗ ಕಾಣುತ್ತದೆ, ಕಟ್ಟೆಯ ಕಲ್ಲುಗಳು ಇನ್ನೂ ಇವೆ. ನಮ್ಮ ತಲೆಬಾಗಿಲಿದ್ದ ಜಾಗ ಕಾಣುವುದಿಲ್ಲ. ಎಷ್ಟು ಬಗ್ಗಿದರೂ, ಎಷ್ಟು ವಾಲಿದರೂ ಕಾಣುವುದಿಲ್ಲ. ಅದು ಗೋಡೆಯ ಆಚೆಯ ಮಗ್ಗುಲಿಗಿದೆ.

ವೇದಶ್ರೀ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಳು.

ಹಾಗಾದರೆ ನಾನು ಕಂಡದ್ದೇನು? ನಿನ್ನ ಅಪ್ಪ ಕಂದೀಲು ಹಿಡಿದು ನಿಮ್ಮ ಕಟ್ಟೆ ಇಳಿದದ್ದನ್ನು ಕಂಡಿರಬೇಕು. ಬೆಳಕು ಓಣಿಯ ತಿರುವಿನಲ್ಲಿ ಮರೆಯಾದದ್ದನ್ನು ಕಂಡಿರಬೇಕು. ಆಮೇಲೆ ಗದ್ದಲ ಕೇಳಿಸಿತು. ಬಾಗಿಲ ಮುಂದೆ ನಿಂತ ಸತ್ತಾರ್ ಸಾಬನನ್ನು ನನಗೆ ತೋರಿಸಿದ್ದು ಅವ್ವನ ಮಾತು, ಆದವಾನಿಯಲ್ಲಿ, ಕೇಳಿದವರ ಮುಂದೆಲ್ಲ. ಅವ್ವನಾದರೂ ನೋಡಿದ್ದಳೋ? ಅವಳು ತಮ್ಮನ ಬಾಯಿ ಮುಚ್ಚಿಕೊಂಡು ಹಿತ್ತಲಲ್ಲಿದ್ದಳು. ಗಂಡನನ್ನು ಕಳೆದುಕೊಂಡವಳಿಗೆ ಒಂದು ಮುಖ ಬೇಕಾಗಿತ್ತು, ಸಿಟ್ಟು ಮಾಡಲಿಕ್ಕೆ. ಗುರುತಿಲ್ಲದ ಮಂದಿಯ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾದೀತು?

ನಿನ್ನ ಅಪ್ಪ ತೋರಿಸಿಕೊಡಲು ಹೋದನೋ, ತಡೆಯಲು ಹೋದನೋ, ಕರೆದದ್ದಕ್ಕೆ ಹೆದರಿ ಹೋದನೋ, ಆ ಕಿಟಕಿಯಿಂದ ತಿಳಿಯುವುದಿಲ್ಲ. ನಿನ್ನ ಕಥೆಯೇ ನಿಜವೆಂದು ನಾನು ಹೇಳುತ್ತಿಲ್ಲ. ನನ್ನದು ನಾನು ಕಂಡದ್ದಲ್ಲ ಎಂದಷ್ಟೇ ಹೇಳಬಲ್ಲೆ.

ಬರುವಾಗ ದೇವದುರ್ಗದಲ್ಲಿ ಅಕ್ಷೋಭ್ಯನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಸಹಿ ಮಾಡುವುದಿಲ್ಲ ಎಂದೆ. ಅವನು ತಾಳ್ಮೆಯಿಂದಲೇ ಕೇಳಿಸಿಕೊಂಡ. ಕಲ್ಲು ಈಗಾಗಲೇ ಕೆತ್ತಿಸಿ ಆಗಿದೆಯಂತೆ. "ಅತ್ತಿ, ನಾ ಸಣ್ಣವಿದ್ದಾಗ ಈ ಕಥಿ ಹೇಳಿದವರು ನೀವ. ಈಗ ಕಿಟಕಿಯಿಂದ ಬಾಗಿಲಾ ಕಾಣಂಗಿಲ್ಲ ಅಂದ್ರ ನಾ ಯಾರನ್ನ ನಂಬಲಿ?" ಎಂದ.

ಅಹಲ್ಯಾ


ಮಾನ್ವಿ
4 ಸೆಪ್ಟೆಂಬರ್ 2025

ಅಹಲ್ಯಾ,

ಈ ವಯಸ್ಸಿನಲ್ಲಿ ಅಟ್ಟ ಹತ್ತಿದ್ದು ತಿಳಿದು ಬೈಯಬೇಕೆನ್ನಿಸಿತು. ಬಿದ್ದಿದ್ದರೆ?

ಜಮೀರನಿಗೆ ಮಿನಾಜ್ ಎಲ್ಲ ಹೇಳಿದ್ದಾಳೆ. ಅವನು ಅಂಗಡಿ ಬೇಗ ಮುಚ್ಚಿ ಬಂದು ನನ್ನ ಹತ್ತಿರ ಕುಳಿತ. "ಹೆಸರು ಬಂದರ ಬರಲಿ ಅಮ್ಮಾ, ಇಷ್ಟು ವರ್ಷ ಮಂದಿ ನಮ್ಮನ್ನ ನೋಡ್ಯಾರ" ಎಂದ. ಆದರೆ ಹಾಗೆಂದವನು ಆ ರಾತ್ರಿ ಊಟ ಮಾಡಲಿಲ್ಲ.

ನೀನು ನಿನ್ನವರೊಂದಿಗೆ ಜಗಳ ಮಾಡಿಕೊಳ್ಳಬೇಡ. ನಿನಗೆ ಕಡೆಗೆ ನೀರು ಬಿಡುವವರು ಅವರು.

ಹೀರಾ


ರಾಯಚೂರು
21 ಸೆಪ್ಟೆಂಬರ್ 2025

ಹೀರಾ,

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಉದ್ಘಾಟನೆಗೆ ಕೆಲವು ದಿನ ಮುಂಚೆ ಅಕ್ಷೋಭ್ಯನನ್ನು ಇಲ್ಲಿಗೆ ಕರೆಸಿಕೊಂಡೆ. ಆ ಸಾಲು ಉಳಿದರೆ ನಾನು ವೇದಿಕೆಯ ಮೇಲೆ ನಿಂತು ಕಿಟಕಿಯ ಸಂಗತಿ ಹೇಳುತ್ತೇನೆ ಎಂದೆ. ಅವನು ವಕೀಲರ ಹಾಗೆಯೇ ಮಾತಾಡಿದ. ಸಾಲು ತೆಗೆಸುತ್ತಾನೆ, ಆದರೆ ನಾನು ಮೈಕಿನ ಮುಂದೆ ಏನೂ ಹೇಳಬಾರದು.

ಹಾಗಾದರೆ ಅಪ್ಪನ ಹೆಸರಿನ ಕೆಳಗೆ ಸತ್ತಾರ್ ಸಾಬನ ಹೆಸರನ್ನೂ ಹಾಕಿಸು, ಅವನೂ ಅದೇ ಊರಲ್ಲಿ ಅದೇ ವರ್ಷ ಸತ್ತವನು ಎಂದೆ. ಅವನು ನನ್ನ ಕಡೆ ನೋಡಲಿಲ್ಲ.

"ಈ ಕಲ್ಲು ನಲವತ್ತೆಂಟರ ಸೆಪ್ಟೆಂಬರ್ ಹದಿನೇಳನೇ ತಾರೀಖಿಗೆ ಮುಂಚೆ ಸತ್ತವರದು, ಅತ್ತಿ. ಆಮ್ಯಾಲಿಂದು ಬ್ಯಾರೆ ವಿಷಯ."

ನಾನು ಒಪ್ಪಿಕೊಂಡೆ. ಹೋರಾಡುವ ಶಕ್ತಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲವೋ ಏನೋ. ಸಾಲನ್ನು ಉಜ್ಜಿ ತೆಗೆಸಿದ್ದಾನೆ, ಮಾತಿಗೆ ತಪ್ಪಲಿಲ್ಲ.

ಉದ್ಘಾಟನೆಯ ದಿನ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಕಲ್ಲಿನ ಮೇಲೆ ಅಪ್ಪನ ಹೆಸರು ನೋಡಿ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಅವರಿಗೆ ಒಂದು ಕಲ್ಲು ಸಲ್ಲಬೇಕಿತ್ತು. ಆಮೇಲೆ ಭಾಷಣ ಮಾಡಿದವನೊಬ್ಬ, ನಾನು ಕಂಡಿಲ್ಲದ ಯಾರೋ ಹುಡುಗ, ಕಂದೀಲಿನ ಕಥೆ ಹೇಳಿದ. ನಾನು ತರಗತಿಯಲ್ಲಿ ಹೇಳುತ್ತಿದ್ದ ಮಾತುಗಳಲ್ಲೇ, ನಿಲ್ಲಿಸುತ್ತಿದ್ದ ಕಡೆಯಲ್ಲೇ ನಿಲ್ಲಿಸಿ. ನನ್ನ ವಿದ್ಯಾರ್ಥಿನಿಯೊಬ್ಬಳ ಮಗನಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಮಾತಾಡುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಕುಳಿತೇ ಇದ್ದೆ. ಕಲ್ಲಿನಿಂದ ಹೋದದ್ದು ಬಾಯಿಂದ ಹೋಗಲಿಲ್ಲ ಹೀರಾ.

ಮಿನಾಜಳಿಗೆ ನನ್ನ ಆಶೀರ್ವಾದ ಹೇಳು. ಅವಳಿಗೆ ಏನಾದರೂ ತೊಂದರೆಯಾಯಿತೇ? ತಿಳಿಸು.

ಅಹಲ್ಯಾ


ಮಾನ್ವಿ
16 ನವೆಂಬರ್ 2025

ಅಹಲ್ಯಾ,

ಮಿನಾಜಳಿಗೆ ತೊಂದರೆಯೇನೂ ಆಗಲಿಲ್ಲ. ಜಮೀರನ ಅಂಗಡಿಗೆ ಬರುವವರೂ ಬರುತ್ತಿದ್ದಾರೆ. ಒಬ್ಬಿಬ್ಬರು ಮೊದಲಿನ ಹಾಗೆ ಕೂರುವುದಿಲ್ಲ ಎಂದು ಅವನಿಗೆ ಅನ್ನಿಸುತ್ತದಂತೆ. ಸುಗ್ಗಿಯ ಗಡಿಬಿಡಿಯೂ ಇರಬಹುದು. ಗೊತ್ತಾಗುವುದಿಲ್ಲ.

ಹೋದ ವಾರ ಮಿನಾಜಳನ್ನು ಕರೆದುಕೊಂಡು ನೀಲಗಲ್ಲದಿನ್ನಿಗೆ ಹೋಗಿ ಬಂದೆ. ಯಾರಿಗೂ ತಿಳಿಸಿರಲಿಲ್ಲ. ಊರು ಬಿಟ್ಟ ಮೇಲೆ ಅದೇ ಮೊದಲು. ಕಲ್ಲು ನಿಮ್ಮ ಮನೆಯ ಮುಂದಿನ ಬಯಲಲ್ಲಿ ಹಾರ ಒಣಗಿಸಿಕೊಂಡು ನಿಂತಿತ್ತು. ಮಿನಾಜ್ ಗಟ್ಟಿಯಾಗಿ ಓದಿ ಹೇಳಿದಳು. ರಾಯರ ಹೆಸರು ಕೇಳಿ, ಅವರು ನನಗೆ ಬೆಲ್ಲದ ಚೂರು ಕೊಡುತ್ತಿದ್ದದ್ದು ನೆನಪಾಯಿತು. ಅಥವಾ ಕೊಡುತ್ತಿದ್ದರೆಂದು ಅಮ್ಮ ಹೇಳಿದ್ದು ನೆನಪಾಯಿತು. ಈಗ ನಿನ್ನಿಂದಾಗಿ ನನಗೂ ಈ ರೋಗ ಅಂಟಿದೆ.

ಅಷ್ಟರಲ್ಲಿ ಗಡಿಗೆಪ್ಪ ಬಂದರು. ಕುರ್ಚಿ ತರಿಸಿದರು. ಯಾರವರೆಂದು ಕೇಳಿದರು. ಸತ್ತಾರ್ ಸಾಬನ ಮಗಳು ಎಂದೆ. ನೀರು ತರಲು ಒಳಗೆ ಹೇಳಿ ಕಳಿಸಿ, ನನ್ನ ಎದುರಿಗೇ ನೆಲದ ಮೇಲೆ ಕುಳಿತರು.

"ನಮ್ಮಪ್ಪ ಆ ದಿನದ್ದು ಬ್ಯಾರೆ ಥರಾನ ಹೇಳತಿದ್ದ, ಯವ್ವಾ" ಎಂದು ಶುರು ಮಾಡಿದರು.

ಮಿನಾಜ್ ಮುಂದಕ್ಕೆ ಬಗ್ಗಿದಳು. ಅವಳಿಗೆ ಬೇಕಾಗಿತ್ತು. ನಾನು ಕೈ ಅಡ್ಡ ಮಾಡಿದೆ.

"ಬ್ಯಾಡಪ್ಪಾ. ನನಗ ಸಾಕಾಗೇದ. ಬೇಕಾದರ ಈ ಹುಡುಗಿಗೆ ಹೇಳು."

ಅವರಿಬ್ಬರೂ ಓಣಿಯ ಕಡೆ ಹೋದರು. ಅವಳು ಏನು ಕೇಳಿಕೊಂಡಳೋ ನಾನು ವಿಚಾರಿಸಿಲ್ಲ, ಅವಳೂ ಹೇಳಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಒಬ್ಬಳೇ ಉಳಿದಾಗ ಎದ್ದು ಕಲ್ಲಿನ ಹತ್ತಿರ ಹೋದೆ. ರಾಯರ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗವನ್ನು ಉಜ್ಜಿದ್ದಾರೆ. ಉಳಿದದ್ದು ಒರಟು, ಅಲ್ಲಿ ಮಾತ್ರ ನುಣುಪು. ಬಿಸಿಲಿಗೆ ಕಾದಿತ್ತು. ಬೆರಳಾಡಿಸಿದರೆ ಅಕ್ಷರವೇನೂ ಸಿಗುವುದಿಲ್ಲ, ಸಣ್ಣಗೆ ತಗ್ಗು ಸಿಗುತ್ತದೆ.

ನಮ್ಮ ಅಪ್ಪನಿಗೆ ಗೋರಿಯಿಲ್ಲ. ಆ ಬಾವಿಯನ್ನೂ ಮುಚ್ಚಿ ಯಾರೋ ಗದ್ದೆ ಮಾಡಿದ್ದಾರೆ, ಎಲ್ಲಿತ್ತೆಂದು ತಿಳಿಯಲಿಲ್ಲ. ಅವನ ಹೆಸರು ಊರಿನಲ್ಲಿ ಇದ್ದದ್ದು ಕಲ್ಲಿನ ಆ ಒಂದು ಜಾಗದಲ್ಲಿ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಕೈಯಿಟ್ಟು ಅಪ್ಪನ ಹೆಸರಿನಲ್ಲಿ ಫಾತಿಹಾ ಓದಿ ಬಂದೆ.

ನಿನ್ನ
ಹೀರಾ